ಎಣ್ಣೆ ಸಿಕ್ಕಿದೆ, ಪಾಲು ಹೇಗೆ ಮಾಡೋದು? ಗಯಾನಾದಿಂದ ಒಂದು ಪ್ರಶ್ನೆ

ಬಂಗಾರಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಬಂಗಾರಪೇಟೆಯವನು. ಒಂದೂವರೆ ವರ್ಷದಿಂದ ಗಯಾನಾದ ಜಾರ್ಜ್‌ಟೌನ್‌ನಲ್ಲಿದ್ದೇನೆ. ಸಮುದ್ರದಲ್ಲಿ ಎಣ್ಣೆ ತೆಗೆಯುವ ಹಡಗುಗಳಿಗೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಈ ದೇಶ ಎಲ್ಲಿದೆ ಅಂತ ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ಮಾತ್ರ "ವೆಸ್ಟ್ ಇಂಡೀಸ್ ಟೀಮಿನ ಚಂದ್ರಪಾಲ್ ಊರು" ಅಂದೆ, ತಕ್ಷಣ ಅರ್ಥವಾಯಿತು.

ಇಲ್ಲಿನ ಜನಸಂಖ್ಯೆ ಸುಮಾರು 8 ಲಕ್ಷ. ನಮ್ಮ ಕೋಲಾರ ಜಿಲ್ಲೆಯ ಅರ್ಧ ಅಂದುಕೊಳ್ಳಿ. 2015ರಲ್ಲಿ ಸಮುದ್ರದ ತಳದಲ್ಲಿ ಎಣ್ಣೆ ಸಿಕ್ಕಿತು. 2019ರ ಡಿಸೆಂಬರ್‌ನಲ್ಲಿ ತೆಗೆಯಲು ಶುರು ಮಾಡಿದರು. ಅಲ್ಲಿಯವರೆಗೆ ಅಕ್ಕಿ, ಸಕ್ಕರೆ, ಬಾಕ್ಸೈಟ್, ಚಿನ್ನ ನಂಬಿಕೊಂಡಿದ್ದ ಬಡ ದೇಶ. ಈಗ ರಸ್ತೆ, ಸೇತುವೆ, ಹೋಟೆಲ್ ಎಲ್ಲಾ ಒಟ್ಟಿಗೆ ಏಳುತ್ತಿವೆ.

ನಮ್ಮ ಮನೆ ಓನರ್ ಒಬ್ಬ ಅಜ್ಜಿ. ಅವರ ಹಿರಿಯರು ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹಡಗಿನಲ್ಲಿ ಬಂದವರು. ಭಾರತದಿಂದ ಮೊದಲ ಹಡಗುಗಳು ಇಲ್ಲಿಗೆ ಬಂದದ್ದು 1838ರಲ್ಲಿ. ಮೊನ್ನೆ ಅಜ್ಜಿ ಕೇಳಿದರು: "ಎಣ್ಣೆ ನಮ್ಮದು ಅಂತಾರೆ. ನಮ್ಮದಾದರೆ ನನ್ನ ಪಾಲು ಎಷ್ಟು?" ನಾನು ಲೆಕ್ಕದವನು, ಆದರೂ ಉತ್ತರ ಬರಲಿಲ್ಲ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ನಿಮ್ಮ ಕೈಗೆ ಕೊಟ್ಟರೆ ಹೇಗೆ ಹಂಚುತ್ತೀರಿ?

ರಾಗಿಮುದ್ದೆ:
ಎಣ್ಣೆ ಸಿಕ್ಕಿದೆ ಅಂತ ಓಡಿ ಬಂದೆ. ಇದು ಬೇರೆ ಎಣ್ಣೆ. ಥೂ.

ಹುಣಸೆತೋಪು:
ತಮ್ಮಾ, ಮೊದಲು ಕಂಪನಿಗೆಷ್ಟು, ಸರ್ಕಾರಕ್ಕೆಷ್ಟು ಹೇಳು. ಆಮೇಲೆ ತಾನೇ ಜನಕ್ಕೆ ಹಂಚೋದು.

ಬಂಗಾರಪೇಟೆ ಹುಡುಗ:
ಅಣ್ಣ, ಅಸಲಿ ಪ್ರಶ್ನೆಯೇ ಅದು. ನಮ್ಮ ಕಡೆ ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಕರಾರಿಗೆ, ಜಮೀನು ಕೊಡುತ್ತಾರಲ್ಲ, ಹಾಗೇ ಇದೆ ಸರ್ಕಾರಕ್ಕೂ ಎಣ್ಣೆ ಕಂಪನಿಗಳಿಗೂ ಆದ 2016ರ ಒಪ್ಪಂದ. ಟೊಮೆಟೊ ಹಾಕಿದವನು ಸಸಿ, ಗೊಬ್ಬರ, ಔಷಧಿ, ಕಡ್ಡಿ, ದಾರ, ಕೂಲಿ ಎಲ್ಲಾ ಖರ್ಚನ್ನು ಮೊದಲು ಕಳೆದುಕೊಳ್ಳುತ್ತಾನೆ. ಉಳಿದಿದ್ದರಲ್ಲಿ ಅರ್ಧ ಅರ್ಧ.

ಇಲ್ಲೂ ಅದೇ. 100 ಪೀಪಾಯಿ ತೆಗೆದರೆ 75ರವರೆಗೆ ಖರ್ಚಿನ ಬಾಬ್ತು ಅಂತ ಕಂಪನಿಗಳು ಇಟ್ಟುಕೊಳ್ಳಬಹುದು. ಉಳಿದ 25ರಲ್ಲಿ ಅರ್ಧ, ಅಂದರೆ ಹನ್ನೆರಡೂವರೆ ದೇಶಕ್ಕೆ. ಅದರ ಮೇಲೆ 2% ರಾಯಲ್ಟಿ, ಅಂದರೆ ತೆಗೆದ ಎಣ್ಣೆಗೆ ಕಂಪನಿ ಕಟ್ಟುವ ಶುಲ್ಕ. ಒಟ್ಟು ಹದಿನಾಲ್ಕೂವರೆ. ಹಳೇ ಖರ್ಚು ತೀರಿದ ಮೇಲೆ ಪಾಲು ಜಾಸ್ತಿ ಆಗುತ್ತದೆ ಅನ್ನುತ್ತಾರೆ. ಆದರೆ ಒಂದು ಬಾವಿ ಖರ್ಚು ತೀರುವಷ್ಟರಲ್ಲಿ ಇನ್ನೊಂದು ಕಡೆ ಕೊರೆಯಲು ಶುರು ಮಾಡಿರುತ್ತಾರೆ, ಅದರ ಖರ್ಚೂ ಇದೇ ಪುಸ್ತಕಕ್ಕೆ.

ಹುಣಸೆತೋಪು:
ಖರ್ಚಿನ ಪುಸ್ತಕ ಬರೆಯೋನು ಯಾರು? ಗೇಣಿದಾರನೇ ಅಲ್ವಾ? ಹಾಗಾದರೆ ಮುಗೀತು. ನಮ್ಮ ಮಾವ ಮೂರು ವರ್ಷ ವಾರಕ್ಕೆ ಕೊಟ್ಟಿದ್ದರು. ಮೂರು ವರ್ಷವೂ ಔಷಧಿ ಖರ್ಚೇ ಜಾಸ್ತಿ. ಗಿಡಕ್ಕಿಂತ ಪುಸ್ತಕಕ್ಕೇ ಹೆಚ್ಚು ಹೊಡೆದಿದ್ದ ಅನ್ನಿಸುತ್ತದೆ.

ಇರಲಿ, ಪಾಲಿನ ಮಾತಿಗೆ ಬರೋಣ. ನಮ್ಮೂರು ಮುಳಬಾಗಿಲು ಕಡೆ. ಊರ ದೇವರ ಹೆಸರಿನಲ್ಲಿ ಒಂದು ಹುಣಸೆ ತೋಪಿದೆ, 42 ಮರ. ಪ್ರತಿ ವರ್ಷ ಕಾಯಿ ಹಣ್ಣಾಗುವ ಮೊದಲೇ ಹರಾಜು. ಒಂದು ವರ್ಷ ಫಸಲು ಚೆನ್ನಾಗಿ ಕಚ್ಚಿ ಒಳ್ಳೆ ದುಡ್ಡು ಬಂತು. ಗರ್ಭಗುಡಿ ಸೂರು ಮಾಡಿಸಿ ಅಂದರು ಕೆಲವರು, ಬೋರ್‌ವೆಲ್ ಅಂದರು ಕೆಲವರು. ಜಗಳ ಬಗೆಹರಿಯಲಿಲ್ಲ. ಸರಿ, ಮನೆಗೆ ಇಷ್ಟು ಅಂತ ಹಂಚಿಬಿಡೋಣ ಅಂತ ತೀರ್ಮಾನ ಆಯಿತು.

ಆಗ ಶುರುವಾಯಿತು ನೋಡಿ. ಮನೆ ಅಂದರೇನು? ನಮ್ಮದು ಹನ್ನೊಂದು ಜನರ ಕೂಡು ಕುಟುಂಬ, ಒಂದು ಪಾಲು. ಪಕ್ಕದ ಮನೆ ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಮೂರು ಪಾಲು. ಒಲೆ ಬೇರೆ ಇದ್ದರೆ ಮನೆ ಬೇರೆ ಅಂದರು ಹಿರಿಯರು. ಹಂಚುವ ದಿನ ಬೆಳಗ್ಗೆ ನೋಡಿದರೆ ಊರಲ್ಲಿ ನಾಲ್ಕು ಹೊಸ ಒಲೆ! ಒಬ್ಬನಂತೂ ಜಗಲಿ ಮೇಲೆ ಮೂರು ಇಟ್ಟಿಗೆ ಇಟ್ಟು ಕಾಫಿ ಕಾಯಿಸುತ್ತಿದ್ದ. ಬೆಂಗಳೂರಿಗೆ ಹೋಗಿ ಹತ್ತು ವರ್ಷವಾದವನು ಬಸ್ ಹತ್ತಿ ಬಂದಿದ್ದ. ಬೇಲಿ ಆಚೆಯ ಕಾಲೋನಿಯವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲು ಮರೆತಿದ್ದರು. ಮರೆತದ್ದೋ, ಮರೆತ ಹಾಗೆ ಮಾಡಿದ್ದೋ, ನಾನು ಹೇಳಲಾರೆ. ಅವರೇ ವರ್ಷಾ ವರ್ಷಾ ಮರ ಹತ್ತಿ ಹಣ್ಣು ಬಡಿಯೋರು.

ಬಂಗಾರಪೇಟೆ ಹುಡುಗ:
ಅಣ್ಣ, ನಂಬುತ್ತೀರೋ ಇಲ್ಲವೋ, ಇಲ್ಲೂ ಹೀಗೇ ಆಗಿದೆ. 2024ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಇರ್ಫಾನ್ ಅಲಿ ಮನೆಗೆ 2 ಲಕ್ಷ ಗಯಾನಾ ಡಾಲರ್ ಅಂತ ಘೋಷಣೆ ಮಾಡಿದರು. ಮನೆ ಅಂದರೆ ಯಾವುದು, ಬಾಡಿಗೆಯವರು ಲೆಕ್ಕಕ್ಕೆ ಇದ್ದಾರಾ, ಒಂದೇ ಅಂಗಳದಲ್ಲಿ ಎರಡು ಸಂಸಾರ ಇದ್ದರೆ ಹೇಗೆ, ಇದೇ ಗಲಾಟೆ. ಕೊನೆಗೆ ಅದನ್ನು ಬದಲಾಯಿಸಿ 18 ವರ್ಷ ತುಂಬಿದ ಪ್ರತಿಯೊಬ್ಬರಿಗೆ 1 ಲಕ್ಷ ಅಂದರು. ನಮ್ಮ ರೂಪಾಯಿಯಲ್ಲಿ ಸುಮಾರು 40 ಸಾವಿರ.

ಅಜ್ಜಿ ಚೆಕ್ ತಂದು ತಗಡಿನ ಮಾಡು ರಿಪೇರಿ ಮಾಡಿಸಿದರು. ಆದರೆ ಸಂತೆ ಬೆಲೆ ನೋಡಬೇಕು ನೀವು. ನಮ್ಮ ಅಲಸಂದೆಕಾಯಿಗೆ ಇಲ್ಲಿ ಬೋರಾ ಅನ್ನುತ್ತಾರೆ, ಕಟ್ಟು ಲೆಕ್ಕದಲ್ಲಿ ಮಾರುತ್ತಾರೆ. ಸ್ಟಾಬ್ರೋಕ್ ಮಾರ್ಕೆಟ್‌ನಲ್ಲಿ ಅಜ್ಜಿ ಒಂದೊಂದು ಕಟ್ಟನ್ನೂ ಎತ್ತಿ ನೋಡಿ, ಬೆಲೆ ಕೇಳಿ, ವಾಪಸ್ ಇಡುತ್ತಾರೆ. "ದುಡ್ಡು ಕೊಟ್ಟರು, ಬೋರಾ ತಗೊಂಡು ಹೋದರು" ಅಂತ ನಗುತ್ತಾರೆ.

ಅರ್ಥಶಾಸ್ತ್ರದ ಮೇಡಂ:
ನಾನು ಕೋಲಾರದಲ್ಲಿ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಎಲ್ಲರೂ ನಾರ್ವೆ ನಾರ್ವೆ ಅನ್ನುತ್ತಾರೆ. ನಾರ್ವೆ ಯಾರಿಗೂ ಕೈಗೆ ಕಾಸು ಕೊಡಲಿಲ್ಲ. 1969ರಲ್ಲಿ ಎಣ್ಣೆ ಸಿಕ್ಕಿತು. 1990ರಲ್ಲಿ ಎಣ್ಣೆ ಹಣ ಕೂಡಿಡುವ ನಿಧಿಗೆ ಕಾನೂನು ಮಾಡಿದರು. ಅದಕ್ಕೆ ಮೊದಲ ಹಣ ಬಿದ್ದದ್ದು 1996ರಲ್ಲಿ! ಈಗ ವರ್ಷಕ್ಕೆ ನಿಧಿಯ ಸುಮಾರು 3% ಮಾತ್ರ ಬಜೆಟ್‌ಗೆ ತೆಗೆಯಬೇಕು ಅನ್ನುವ ನಿಯಮವಿದೆ. ಆದರೆ ಎಣ್ಣೆ ಸಿಗುವ ಮೊದಲೇ ಅಲ್ಲಿ ಶಾಲೆ, ಆಸ್ಪತ್ರೆ, ತೆರಿಗೆ ಇಲಾಖೆ ಎಲ್ಲಾ ಸರಿಯಾಗಿದ್ದವು. ಅದನ್ನು ಹಾಗೇ ತಂದು ಗಯಾನಾಕ್ಕೋ ಉಗಾಂಡಾಕ್ಕೋ ಅಂಟಿಸಲು ಆಗುವುದಿಲ್ಲ.

ಕೈಗೆ ಕಾಸು ಕೊಟ್ಟದ್ದು ಅಮೆರಿಕದ ಅಲಾಸ್ಕಾ. 1976ರಲ್ಲಿ ನಿಧಿ ಮಾಡಿದರು, 1982ರಲ್ಲಿ ತಲೆಗೆ 1,000 ಡಾಲರ್ ಕೊಟ್ಟರು. ಮಗುವಿಗೂ ಒಂದು ಪಾಲು. ಇವತ್ತಿಗೂ ಪ್ರತಿ ವರ್ಷ ಬರುತ್ತದೆ. ಅದರ ಹಿಂದಿನ ಯೋಚನೆ ನನಗೆ ಇಷ್ಟ. ನಿನ್ನ ಹೆಸರಿಗೆ ಪಾಲಿದ್ದರೆ ನಿಧಿಗೆ ಯಾರಾದರೂ ಕೈ ಹಾಕಿದಾಗ ನೀನೇ ಕೂಗುತ್ತೀಯ. ಚೀಟಿ ಹಾಕಿದವರು ಚೀಟಿ ನಡೆಸುವವನ ಮೇಲೆ ಕಣ್ಣಿಟ್ಟ ಹಾಗೆ. ಆದರೆ 2016ರಲ್ಲಿ ಎಣ್ಣೆ ಬೆಲೆ ಬಿದ್ದು ಖಜಾನೆ ಖಾಲಿಯಾದಾಗ ಗವರ್ನರ್ ಆ ಹಣವನ್ನು ಅರ್ಧಕ್ಕಿಳಿಸಿದರು. ಅಲ್ಲಿಂದ ಮುಂದೆ ಅಲ್ಲಿನ ರಾಜಕೀಯವೆಲ್ಲ ಆ ಚೆಕ್ ಸುತ್ತಲೇ. ಶಾಲೆ, ವಿಶ್ವವಿದ್ಯಾಲಯಕ್ಕೆ ದುಡ್ಡಿಲ್ಲದಿದ್ದರೂ ಚೆಕ್ ಮುಟ್ಟಬೇಡಿ ಅನ್ನುವ ಸ್ಥಿತಿ.

ಬಡ ದೇಶಗಳ ಕಥೆ ಬೇರೆ. ಮಂಗೋಲಿಯಾದಲ್ಲಿ 2008ರ ಚುನಾವಣೆಗೆ ಒಂದು ಪಕ್ಷ ತಲೆಗೆ 10 ಲಕ್ಷ ತುಗ್ರಿಕ್ ಅಂದರೆ ಇನ್ನೊಂದು 15 ಲಕ್ಷ ಅಂದಿತು. ನೆಚ್ಚಿಕೊಂಡಿದ್ದ ಹೊಸ ದೊಡ್ಡ ಗಣಿಯಿಂದ ಇನ್ನೂ ದುಡ್ಡೇ ಬಂದಿರಲಿಲ್ಲ. ಮುಂದೆ ಬರುವ ದುಡ್ಡಿನ ಮೇಲೆ ಹಂಚಿದರು. 2012ಕ್ಕೆ ನಿಂತುಹೋಯಿತು. ಇರಾನ್ 2010ರ ಕೊನೆಗೆ ಪೆಟ್ರೋಲ್, ರೊಟ್ಟಿ ಸಬ್ಸಿಡಿ ತೆಗೆದು ತಲೆಗೆ ತಿಂಗಳಿಗೆ 4,55,000 ರಿಯಾಲ್ ಹಾಕಿತು. ಆಗ ಅದು ಸುಮಾರು 45 ಡಾಲರ್. ಅಂಕಿ ಹಾಗೇ ಉಳಿಯಿತು, ಬೆಲೆ ಏರಿತು. ಕೆಲವೇ ವರ್ಷದಲ್ಲಿ ಆ ಹಣಕ್ಕೆ ಕಿಮ್ಮತ್ತಿಲ್ಲ.

ರಾಗಿಮುದ್ದೆ:
10 ಲಕ್ಷ, 15 ಲಕ್ಷ. ಈ ಅಂಕಿ ಎಲ್ಲೋ ಕೇಳಿದ ಹಾಗಿದೆ. ಇರಲಿ ಬಿಡಿ, ಅಡ್ಮಿನ್ ಬೈಯುತ್ತಾರೆ.

ಶಾಫ್ಟ್ ಮೊಮ್ಮಗ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಕೋಲಾರದವರು ಪಾಲಿನ ಮಾತಾಡುತ್ತಾ ಗಯಾನಾ, ಮಂಗೋಲಿಯಾ ಎಲ್ಲಾ ಸುತ್ತಿದ್ದೀರಿ. ನಮ್ಮ ಕೆಜಿಎಫ್ ಯಾರಿಗೂ ನೆನಪಾಗಲಿಲ್ಲ.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿ 31 ವರ್ಷ ಕೆಲಸ ಮಾಡಿದವರು. ಆ ಗಣಿ 3 ಕಿಲೋಮೀಟರ್‌ಗಿಂತ ಆಳ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು ಅನ್ನುತ್ತಿದ್ದರು. ಪಾಳಿ ಮುಗಿಸಿ ಮೇಲೆ ಬಂದರೆ ಗೇಟಿನಲ್ಲಿ ತಪಾಸಣೆ. ಊಟದ ಡಬ್ಬಿ ಮುಚ್ಚಳ ತೆಗೆದು, ತಲೆಕೆಳಗು ಮಾಡಿ, ತಟ್ಟಿ ತೋರಿಸಬೇಕು. ಆ ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ. ತಟ್ಟಿ ತಟ್ಟಿ ತಳ ಒಂದು ಕಡೆ ನೆಗ್ಗಿದೆ. ಅಮ್ಮನ ಮದುವೆಗೆ ತಾಳಿ ಚಿನ್ನ ಬೇಕಾದಾಗ ತಾತ ಅದನ್ನು ರಾಬರ್ಟ್‌ಸನ್‌ಪೇಟೆಯ ಸೇಟು ಅಂಗಡಿಯಲ್ಲಿ ಸಾಲಕ್ಕೆ ತಂದರು.

1880ರ ದಶಕದಿಂದ ಜಾನ್ ಟೇಲರ್ ಕಂಪನಿ ತೆಗೆಯಿತು. ಲಾಭ ಲಂಡನ್‌ಗೆ, ರಾಯಲ್ಟಿ ಮೈಸೂರಿಗೆ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಆ ತಂತಿ ಎಷ್ಟು ಹಳ್ಳಿಗಳ ತಲೆ ಮೇಲೆ ಹಾದು ಬಂತು! ಕೆಳಗಿನ ಮನೆಗಳಲ್ಲಿ ಹರಳೆಣ್ಣೆ ದೀಪ. 1956ರಲ್ಲಿ ಗಣಿ ಮೈಸೂರು ಸರ್ಕಾರದ್ದಾಯಿತು, ಆಮೇಲೆ ಕೇಂದ್ರದ್ದು. ಅಂದರೆ "ನಮ್ಮದು" ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದರು. ಸುಮಾರು 120 ವರ್ಷದಲ್ಲಿ ತೆಗೆದ ಚಿನ್ನ 800 ಟನ್ ಆಸುಪಾಸು.

ಊರಿಗೆ ಉಳಿದದ್ದೇನು ಗೊತ್ತಾ? ಸೈನೈಡ್ ಗುಡ್ಡ, ಅಂದರೆ ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ರಾಶಿ. ಗಾಳಿ ಬೀಸಿದರೆ ಆ ಬೂದು ಮಣ್ಣು ಮನೆಯೊಳಗೆ ಬರುತ್ತದೆ. ಉಳಿದವರು ಬೆಳಗಿನ ಜಾವ ಮಾರಿಕುಪ್ಪಂ ಗಾಡಿ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ನಾನೂ ಹತ್ತು ವರ್ಷ ಹೋಗಿದ್ದೇನೆ, ನಿಂತುಕೊಂಡೇ. 800 ಟನ್ನಿನಲ್ಲಿ ಒಂದು ಗ್ರಾಂ ಆದರೂ ಆ ಊರಿನ ಹೆಸರಲ್ಲಿ ಎತ್ತಿಟ್ಟಿದ್ದರೆ ಅಂತ ಆ ಗಾಡಿಯಲ್ಲಿ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಹುಡುಗ, ನಿಮ್ಮ ಅಜ್ಜಿಗೆ ಹೇಳಿ. ಎಷ್ಟು ಕೊಡುತ್ತಾರೆ ಅಂತ ಕೇಳುವುದರ ಜೊತೆಗೆ, ಮುಗಿದ ಮೇಲೆ ಏನು ಅಂತಲೂ ಕೇಳಲಿ.

ಚಿ.ನಾ.ಹಳ್ಳಿ ತೆಂಗು:
ಇದಕ್ಕೇ ನಾನು ಹೇಳೋದು, ಮೊದಲ ಪಾಲು ತೆಗೆಯುವ ಜಾಗದವರಿಗೆ ಅಂತ. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಅದಿರು ಲಾರಿ ಓಡುವಾಗ ತೆಂಗಿನ ಗರಿ ಹಸಿರು ಕಾಣುತ್ತಲೇ ಇರಲಿಲ್ಲ. ಎಳನೀರು ಕೆತ್ತಿದರೆ ಕೈಯೆಲ್ಲಾ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿ, ಮುಂದಿನ ತಿಂಗಳೇ ಚಿತ್ರದುರ್ಗ, ತುಮಕೂರಿನಲ್ಲೂ ನಿಲ್ಲಿಸಿತು. ಆಮೇಲೆ 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಕಾನೂನು ಬಂತು. ಹಳೇ ಗುತ್ತಿಗೆಯವರು ರಾಯಲ್ಟಿಯ 30%, ಹರಾಜಿನಲ್ಲಿ ಪಡೆದವರು 10% ಹೆಚ್ಚುವರಿಯಾಗಿ ಜಿಲ್ಲೆಗೇ ಕಟ್ಟಬೇಕು. ಗಣಿಯಿಂದ ತೊಂದರೆಯಾದ ಜನಕ್ಕೆ ಅಂತಲೇ ಆ ಹಣ. ಕೆಜಿಎಫ್ ಕಾಲದಲ್ಲಿ ಇಂಥದ್ದೊಂದು ಇದ್ದಿದ್ದರೆ?

ಅರ್ಥಶಾಸ್ತ್ರದ ಮೇಡಂ:
ಒಪ್ಪುತ್ತೇನೆ, ಆದರೆ ಜಾಗಕ್ಕೆ ಕೊಟ್ಟ ಮಾತ್ರಕ್ಕೆ ಜನಕ್ಕೆ ತಲುಪುವುದಿಲ್ಲ. ನೈಜೀರಿಯಾದಲ್ಲಿ 1956ರಲ್ಲಿ ಮೊದಲು ಎಣ್ಣೆ ಸಿಕ್ಕ ಊರು ಒಲೊಯಿಬಿರಿ. ಕೆಲವು ದಶಕದಲ್ಲಿ ಬಾವಿ ಬತ್ತಿತು, ಊರು ಬಡದಾಗಿಯೇ ಉಳಿಯಿತು. ಆಮೇಲೆ ಸಂವಿಧಾನದಲ್ಲೇ ಬರೆದರು, ಎಣ್ಣೆ ಬರುವ ರಾಜ್ಯಗಳಿಗೆ ಕನಿಷ್ಠ 13%. ಒಲೊಯಿಬಿರಿ ಇರುವುದು ಬಯೆಲ್ಸಾ ರಾಜ್ಯದಲ್ಲಿ. ಆ ರಾಜ್ಯದ ಗವರ್ನರ್ 2005ರಲ್ಲಿ ಕಪ್ಪುಹಣದ ಕೇಸಿನಲ್ಲಿ ಲಂಡನ್‌ನಲ್ಲಿ ಸಿಕ್ಕಿಬಿದ್ದರು. ದುಡ್ಡು ಹತ್ತಿರಕ್ಕೆ ಬಂತು, ಆದರೆ ಒಂದೇ ಮನೆ ಹತ್ತಿರಕ್ಕೆ.

ಉಲ್ಟಾ ಉದಾಹರಣೆ ಬೋಟ್ಸ್ವಾನಾ. 1966ರಲ್ಲಿ ಸ್ವತಂತ್ರವಾಯಿತು, ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದು ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲ. ಆದರೂ ಖನಿಜ ಯಾವ ಬುಡಕಟ್ಟಿಗೂ ಅಲ್ಲ, ಇಡೀ ದೇಶಕ್ಕೆ ಅಂತ ಮಾಡಿದರು. ಅದರಿಂದ ಶಾಲೆ, ರಸ್ತೆ ಆಯಿತು. ಎಲ್ಲಾ ಸರಿಹೋಯಿತು ಅಂತಲ್ಲ, ನಿರುದ್ಯೋಗ ಇವತ್ತಿಗೂ ಇದೆ.

ಚಿ.ನಾ.ಹಳ್ಳಿ ತೆಂಗು:
ಮೇಡಂ, ಆ ನೆಲದವರೇ ಅಧ್ಯಕ್ಷರಾಗಿದ್ದರಿಂದ ಬಿಟ್ಟುಕೊಡುವುದು ಸುಲಭ. ನಮ್ಮಂಥವರಿಗೆ ಯಾರು ಕೇಳುತ್ತಾರೆ?

ಅರ್ಥಶಾಸ್ತ್ರದ ಮೇಡಂ:
ಈ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ.

ನರಸಾಪುರ ಗೇಟ್:
ಕೈಗೆ ಕಾಸು ಕೊಡಿ ಅನ್ನುವವರಿಗೆ ನಮ್ಮ ಚಿಕ್ಕಪ್ಪನ ಕಥೆ. ಕೈಗಾರಿಕೆಗೆ ಜಮೀನು ಹೋಯಿತು, ಪರಿಹಾರ ಒಂದೇ ಕಂತಿನಲ್ಲಿ ಬಂತು. ಮೊದಲ ವರ್ಷ ಮನೆ, ಎರಡನೇ ವರ್ಷ ಕಾರು, ಮೂರನೇ ವರ್ಷ ಮಗಳ ಮದುವೆ. ಈಗ ತನ್ನದೇ ಹಳೇ ಹೊಲದ ಮೇಲೆ ಕಟ್ಟಿದ ಫ್ಯಾಕ್ಟರಿ ಗೇಟಿನಲ್ಲಿ ಸೆಕ್ಯೂರಿಟಿ. ತಮಾಷೆ ಅಲ್ಲ. ಒಂದೇ ಸಲ ಸುರಿಯಬೇಡಿ, ತಿಂಗಳು ತಿಂಗಳು ಕೊಡಿ.

ಇನ್ನೊಂದು. ದುಡ್ಡು ಓಡಾಡಲು ಶುರುವಾದ ಮೇಲೆ ನಮ್ಮೂರಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಆಳು ಸಿಗುವುದಿಲ್ಲ. ರೇಷ್ಮೆ ಹುಳು ಸಾಕುವುದನ್ನೇ ಬಿಟ್ಟರು. ನಾಳೆ ಫ್ಯಾಕ್ಟರಿ ಹೋದರೆ ಆ ಕಸುಬು ಗೊತ್ತಿರೋರು ಯಾರೂ ಇರುವುದಿಲ್ಲ.

ಅರ್ಥಶಾಸ್ತ್ರದ ಮೇಡಂ:
ಇದಕ್ಕೆ ಡಚ್ ಕಾಯಿಲೆ ಅಂತ ಹೆಸರು. 1959ರಲ್ಲಿ ನೆದರ್ಲೆಂಡ್ಸ್‌ನ ಗ್ರೊನಿಂಗನ್‌ನಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. ಹೊರಗಿನ ದುಡ್ಡು ನುಗ್ಗಿ ಅವರ ನಾಣ್ಯದ ಬೆಲೆ ಏರಿತು, ಬೇರೆ ಸರಕು ಹೊರದೇಶಕ್ಕೆ ಮಾರುವುದು ಕಷ್ಟವಾಯಿತು. ನಾಳೆಯಿಂದ ಕ್ಲಾಸಿನಲ್ಲಿ ನಿಮ್ಮ ಹಿಪ್ಪುನೇರಳೆ ಕಥೆಯನ್ನೇ ಹೇಳುತ್ತೇನೆ.

ಬಂಗಾರಪೇಟೆ ಹುಡುಗ:
ಇಲ್ಲಿ ಭತ್ತದ ರೈತರಿಗೂ ಅದೇ ಭಯ. ಡ್ರೈವರ್‌ಗಳು, ವೆಲ್ಡರ್‌ಗಳು ಎಲ್ಲಾ ಎಣ್ಣೆ ಕಡೆ ಹೋಗುತ್ತಿದ್ದಾರೆ.

ಕೂಡಿಡುವ ಮಾತೂ ಇಲ್ಲಿ ಬಿಸಿಯಾಗಿದೆ. ಎಣ್ಣೆ ಹಣ ಒಂದು ನಿಧಿಗೆ ಬೀಳುತ್ತದೆ, ಖಾತೆ ಇರುವುದು ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿ. 2019ರಲ್ಲಿ ಒಂದು ಕಾನೂನು, ಸರ್ಕಾರ ಬದಲಾದ ಮೇಲೆ 2021ರಲ್ಲಿ ಇನ್ನೊಂದು.

ಅರ್ಥಶಾಸ್ತ್ರದ ಮೇಡಂ:
ಕಾನೂನು ಬದಲಾಯಿಸುವುದೇ ದೊಡ್ಡ ಅಪಾಯ. ಚಾಡ್ ದೇಶಕ್ಕೆ ಪೈಪ್‌ಲೈನ್ ಹಾಕಲು ವಿಶ್ವಬ್ಯಾಂಕ್ ಸಾಲ ಕೊಟ್ಟಾಗ ಷರತ್ತು ಹಾಕಿತ್ತು: 10% ಮುಂದಿನ ಪೀಳಿಗೆಗೆ, ಉಳಿದಿದ್ದರಲ್ಲಿ ಬಹುಪಾಲು ಶಿಕ್ಷಣ, ಆರೋಗ್ಯ ಮುಂತಾದವಕ್ಕೆ. ಅದಕ್ಕಾಗಿ 1999ರಲ್ಲಿ ಕಾನೂನೂ ಆಯಿತು. ಎಣ್ಣೆ ಹರಿಯಲು ಶುರುವಾಗಿ ಮೂರೇ ವರ್ಷಕ್ಕೆ, 2006ರಲ್ಲಿ, ಸರ್ಕಾರ ಆ ಪೀಳಿಗೆಯ ನಿಧಿಯನ್ನೇ ತೆಗೆದುಹಾಕಿತು. 2008ರಲ್ಲಿ ವಿಶ್ವಬ್ಯಾಂಕ್ ಕೈ ತೊಳೆದುಕೊಂಡಿತು. ಘಾನಾ ಮಾತ್ರ ಸ್ವಲ್ಪ ಜಾಣತನ ಮಾಡಿತು. 2011ರ ಕಾನೂನಿನಲ್ಲೇ ಹೊರಗಿನ ಜನರ ಒಂದು ಸಮಿತಿ ಇಟ್ಟಿತು. ವಕೀಲರು, ಪತ್ರಕರ್ತರು, ಕಾರ್ಮಿಕ ಸಂಘದವರು ಕೂತು ಎಣ್ಣೆ ಹಣ ಎಲ್ಲಿಗೆ ಹೋಯಿತು ಅಂತ ವರದಿ ಕೊಡುತ್ತಾರೆ. ಶಿಕ್ಷೆ ಕೊಡುವ ಅಧಿಕಾರವಿಲ್ಲ, ಕೇಳುವ ಅಧಿಕಾರವಿದೆ.

ಶಾಫ್ಟ್ ಮೊಮ್ಮಗ:
ಕೂಡಿಡಿ ಅಂತ ನಾನೇ ಹೇಳಿದೆ, ಈಗ ನಾನೇ ತಡೆಯುತ್ತೇನೆ. ಊರಲ್ಲಿ ಹೆರಿಗೆ ಆಸ್ಪತ್ರೆ ಇಲ್ಲದಿರುವಾಗ ನ್ಯೂಯಾರ್ಕ್‌ನಲ್ಲಿ ಎಫ್‌ಡಿ ಇಡುವುದು ನನಗೆ ಒಪ್ಪಿಗೆಯಿಲ್ಲ. ಆ ಕಾಲದಲ್ಲಿ ನಮ್ಮ ತಾತನ ಮಕ್ಕಳಿಗೆ ಒಂದು ಒಳ್ಳೆ ಕಾಲೇಜು ಕಟ್ಟಿದ್ದರೆ, ಗಣಿ ಮುಚ್ಚಿದ ಮೇಲೆ ನಾವು ನಿಧಿ ಕೇಳುತ್ತಲೇ ಇರಲಿಲ್ಲ.

ಬಂಗಾರಪೇಟೆ ಹುಡುಗ:
ಎಲ್ಲರದ್ದೂ ಓದಿದೆ. ನನ್ನ ಅಭಿಪ್ರಾಯ ಬದಲಾಗಿದೆ, ಹೇಳಿಬಿಡುತ್ತೇನೆ. ಪ್ರಶ್ನೆ ಹಾಕುವಾಗ ಮನೆಗೋ ತಲೆಗೋ, ಈಗಲೋ ಆಮೇಲೋ ಅಂತ ಯೋಚಿಸುತ್ತಿದ್ದೆ. ಈಗ ಹುಣಸೆತೋಪು ಅಣ್ಣ ಮೊದಲೇ ಕೇಳಿದ್ದು ತಲೆಯಲ್ಲಿ ಕೂತಿದೆ: ಪುಸ್ತಕ ಬರೆಯೋನು ಯಾರು?

ಈ ದೇಶ ಒಪ್ಪಂದಕ್ಕೆ ಸಹಿ ಹಾಕಿದಾಗ ಕಂಪನಿಯಿಂದ 1.8 ಕೋಟಿ ಅಮೆರಿಕನ್ ಡಾಲರ್ ಸಹಿ ಬೋನಸ್ ಬಂದಿತ್ತು. ಅದು ಜನಕ್ಕೆ ಗೊತ್ತಾದದ್ದು 2017ರ ಕೊನೆಗೆ, ಪತ್ರಿಕೆಯವರು ಬೆನ್ನು ಹತ್ತಿದ ಮೇಲೆ. ಒಪ್ಪಂದದ ಪ್ರತಿ ಹೊರಗೆ ಬಂದದ್ದೂ ಆಗಲೇ. 1999ರಿಂದ 2017ರವರೆಗೆ ಕಂಪನಿಗಳು ತೋರಿಸಿದ 160 ಕೋಟಿಗೂ ಹೆಚ್ಚು ಅಮೆರಿಕನ್ ಡಾಲರ್ ಖರ್ಚನ್ನು ಸರ್ಕಾರ ನೇಮಿಸಿದ ಆಡಿಟರ್‌ಗಳು ನೋಡಿದರು. 21.4 ಕೋಟಿ ಡಾಲರ್‌ಗೆ ತಕರಾರು ಎತ್ತಿದರು. ಒಂದೇ ಒಂದು ಆಡಿಟ್‌ನಲ್ಲಿ! ತಲೆಗೆ ಹಂಚಿದರೆ ಅಜ್ಜಿಯ ಚೆಕ್ಕಿನ ಅರ್ಧಕ್ಕಿಂತ ಜಾಸ್ತಿ.

ನನ್ನ ಕೈಗೆ ಕೊಟ್ಟರೆ ಹೀಗೆ ಮಾಡುತ್ತೇನೆ. ಪಾಲು ಚಿಕ್ಕದಿರಲಿ, ತಲೆಗೆ ಒಂದು, ಮೂರು ತಿಂಗಳಿಗೊಮ್ಮೆ. ಅದರ ಜೊತೆ ಒಂದು ಚೀಟಿ. ಇಷ್ಟು ಪೀಪಾಯಿ ತೆಗೆದರು, ಇಷ್ಟು ಖರ್ಚು ಅಂದರು, ಇಷ್ಟು ದೇಶಕ್ಕೆ, ಇಷ್ಟು ಶಾಲೆಗೆ, ಇಷ್ಟು ನಿಧಿಗೆ, ಇದು ನಿನ್ನದು. ಸಂಬಳದ ಸ್ಲಿಪ್ ಇದ್ದ ಹಾಗೆ. ಮೂರು ತಿಂಗಳಲ್ಲಿ ಖರ್ಚು ಜಾಸ್ತಿಯಾಗಿ ಪಾಲು ಕಮ್ಮಿಯಾದರೆ ಸ್ಟಾಬ್ರೋಕ್ ಮಾರ್ಕೆಟ್‌ನಲ್ಲಿ ಬೋರಾ ಕೊಳ್ಳುವಾಗಲೇ ಅಜ್ಜಿ ಬೈಯಲು ಶುರು ಮಾಡುತ್ತಾರೆ. ಅಜ್ಜಿ ಬೈಗುಳ ನಾನು ಕೇಳಿದ್ದೇನೆ. ಯಾವ ಆಡಿಟರ್‌ಗೂ ಕಮ್ಮಿಯಿಲ್ಲ.

ಚಿ.ನಾ.ಹಳ್ಳಿ ತೆಂಗು:
ನಿನ್ನ ಚೀಟಿಯಲ್ಲಿ ಮೀನುಗಾರರಿಗೆ ಎಷ್ಟು ಅಂತ ಒಂದು ಸಾಲು ಸೇರಿಸು. ಸಮುದ್ರದಲ್ಲಿ ಊರಿಲ್ಲ ಅಂತ ಯಾರಿಗೂ ತೊಂದರೆ ಇಲ್ಲ ಅಂದುಕೊಳ್ಳಬೇಡ.

ಬಂಗಾರಪೇಟೆ ಹುಡುಗ:
ಸೇರಿಸಿದೆ ಸಾರ್. ನಿಜ, ಮರೆತಿದ್ದೆ.

ಹುಣಸೆತೋಪು:
ನಿನ್ನ ಚೀಟಿ ಕೆಲಸ ಮಾಡುತ್ತದೆ ತಮ್ಮಾ. ನಮ್ಮೂರಲ್ಲಿ ಒಲೆ ಗಲಾಟೆ ಆದ ಮೇಲೆ ಮನೆಗೆ ಹಂಚುವುದನ್ನು ಬಿಟ್ಟೆವು. ಹೊಸ ಹುಡುಗರು ಸೇರಿ ಹರಾಜಿನ ಲೆಕ್ಕವನ್ನು ದೇವಸ್ಥಾನದ ಹೊರಗೋಡೆ ಮೇಲೆ ಬಣ್ಣದಲ್ಲಿ ಬರೆಸಿದರು. ಬಂದದ್ದೆಷ್ಟು, ಬೋರ್‌ವೆಲ್ ಮೋಟಾರಿಗೆಷ್ಟು, ಹಣ್ಣು ಬಡಿದವರಿಗೆ ಮೇಲುಕೂಲಿ ಎಷ್ಟು, ಎಲ್ಲಾ. ಕಾಲೋನಿ ಹುಡುಗಿಯೊಬ್ಬಳು ಡಿಗ್ರಿ ಓದುತ್ತಿದ್ದಾಳೆ, ಗೋಡೆ ಮುಂದೆ ನಿಂತು ಮೊಬೈಲ್‌ನಲ್ಲಿ ಕೂಡಿಸಿದಳು. 340 ರೂಪಾಯಿ ತಾಳೆಯಾಗಲಿಲ್ಲ. ಆ 340ಕ್ಕೆ ಮೂರು ವಾರ ಪಂಚಾಯಿತಿ ನಡೆಯಿತು.

ರಾಗಿಮುದ್ದೆ:
ಕೊನೆಗೆ ಯಾರು ತಿಂದದ್ದು ಅಂತ ಗೊತ್ತಾಯಿತಾ?

ಹುಣಸೆತೋಪು:
ಹರಾಜಿನ ದಿನದ ಕಾಫಿ, ಬೋಂಡದ ಖರ್ಚು. ಬರೆಯುವುದು ಮರೆತಿದ್ದರು. ನಾನೂ ಎರಡು ಬೋಂಡ ತಿಂದಿದ್ದೆ.